ಕಸೂತಿ ಎಂಬ ಮಾತಿನ ಎಳೆ

ಒಂದು ಕಲೆಯ ಚರಿತ್ರೆಯನ್ನು ಅರಿಯಹೊರಟವನಿಗೆ ಮೂರು ಬಗೆಯ ಆಧಾರಗಳು ದೊರೆಯುತ್ತವೆ. ಉಳಿದು ಬಂದ ವಸ್ತು ಒಂದು. ಬರೆದಿಟ್ಟ ಲೇಖ ಇನ್ನೊಂದು. ಜನರ ಬಾಯಲ್ಲಿ ಬಾಳುತ್ತಿರುವ ಮಾತು ಮೂರನೆಯದು. ಶಿಲ್ಪದ ಚರಿತ್ರೆಯನ್ನು ಬರೆಯುವವನಿಗೆ ಮೊದಲೆರಡಕ್ಕೆ ಕೊರತೆಯಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಕಲ್ಲೂ ಉಂಟು, ಕಲ್ಲಿನ ಮೇಲಿನ ಬರಹವೂ ಉಂಟು. ಬಟ್ಟೆಯ ಚರಿತ್ರೆಯನ್ನು ಬರೆಯುವವನಾದರೋ ಬಡವ. ಬಟ್ಟೆ ಉಟ್ಟರೆ ಹರಿಯುತ್ತದೆ, ಮಡಿಸಿ ಇಟ್ಟರೆ ನುಸಿಯ ಪಾಲಾಗುತ್ತದೆ. ಅದರ ಮೇಲೆ ಚಿತ್ತಾರ ತೆಗೆದ ಹೆಣ್ಣುಮಗಳು ತನ್ನ ಹೆಸರನ್ನಾಗಲಿ ಇಸವಿಯನ್ನಾಗಲಿ ಅದರಲ್ಲಿ ಕಾಣಿಸುವುದಿಲ್ಲ. ಹೀಗಿರುವಲ್ಲಿ ಅವನು ಮೂರನೆಯ ಆಧಾರವಾದ ಮಾತನ್ನೇ ಹಿಡಿದು ಹಿಂದಕ್ಕೆ ನಡೆಯಬೇಕಾಗುತ್ತದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಸೂಜಿಗೆಲಸಕ್ಕೆ ಹೆಸರಾದ 'ಕಸೂತಿ' ಎಂಬ ಮಾತನ್ನು ಹಾಗೆ ಹಿಡಿದು ನೋಡುವುದು ಈ ಭಾಷಣದ ಉದ್ದೇಶ.

ಈ ಮಾತಿನ ನೆಲೆಯನ್ನು ಮೊದಲು ಗುರುತಿಸಿಕೊಳ್ಳೋಣ. ಬೀಳಗಿ ಸೀಮೆಯಲ್ಲಿ ಕೃಷ್ಣೆಯ ದಂಡೆಗೆ ಗಲಗಲಿ ಎಂಬ ಊರಿದೆ. ಹರಿದಾಸ ಪರಂಪರೆಯ ಹೆಣ್ಣು ಕವಿಯಾದ ಗಲಗಲಿ ಅವ್ವನ ಹೆಸರಿನಿಂದ ಸಾಹಿತ್ಯಾಭ್ಯಾಸಿಗಳಿಗೆ ಇದು ಪರಿಚಿತ. ಇಲ್ಲಿಂದ ಪಶ್ಚಿಮಕ್ಕೆ ಜಮಖಂಡಿಯನ್ನು ದಾಟಿದರೆ ಬನಹಟ್ಟಿ, ರಬಕವಿ, ತೇರದಾಳಗಳು. ಅವು ಮಗ್ಗದ ಸದ್ದಿನಿಂದಲೇ ಬೆಳಗನ್ನು ಕಂಡ ಊರುಗಳು. ಆಗ್ನೇಯಕ್ಕೆ ಹೋದರೆ ಖಣಕ್ಕೆ ಹೆಸರಾದ ಗುಳೇದಗುಡ್ಡ, ಅದರಾಚೆ ಸೀರೆಗೆ ಹೆಸರಾದ ಇಳಕಲ್ಲು. ಒಂದು ಕಡೆ ಸೀರೆ, ಇನ್ನೊಂದು ಕಡೆ ಕುಪ್ಪಸದ ಖಣ, ನಡುವೆ ಅವೆರಡನ್ನೂ ಉಟ್ಟು ತೊಟ್ಟು, ಬಿಡುವಿನಲ್ಲಿ ಅವುಗಳ ಮೇಲೆ ಸೂಜಿಯಾಡಿಸಿದ ಹೆಣ್ಣುಮಕ್ಕಳ ಮನೆಗಳು. ನೇಕಾರಿಕೆ ಮತ್ತು ಹೊಲಿಗೆಗಳು ಇಷ್ಟು ಒತ್ತೊತ್ತಾಗಿ ಬಾಳಿದ ನೆಲದಲ್ಲಿ ಒಂದರ ಮಾತು ಇನ್ನೊಂದಕ್ಕೆ ಹರಿದುಬರುವುದು ಸಹಜ.

ಹೊಲಿಗೆಯ ಕೆಲಸಕ್ಕೆ ಲೋಕದ ಭಾಷೆಗಳು ಹೆಸರಿಟ್ಟಿರುವ ಬಗೆಯನ್ನು ನೋಡಿದರೆ ಎರಡು ದೃಷ್ಟಿಗಳು ಎದ್ದು ಕಾಣುತ್ತವೆ. ಕೆಲವು ಭಾಷೆಗಳು ಸೂಜಿಯ ಕಡೆಯಿಂದ ನೋಡಿವೆ. ಸ್ಕಾಟ್ಲೆಂಡಿನ ಜನ ಹೊಲಿಗೆಯ ಒಂದು ಎಳೆತಕ್ಕೆ 'ಸ್ಟೀಕ್' ಎನ್ನುತ್ತಾರೆ. ಇಂಗ್ಲಿಷಿನ 'ಸ್ಟಿಚ್' ಅದರ ಒಡಹುಟ್ಟು. ಎರಡರ ಹಿಂದೆಯೂ ಇರುವ ಭಾವ ಚುಚ್ಚುವುದು, ತಿವಿಯುವುದು. ಇನ್ನು ಕೆಲವು ಮಾತುಗಳು ದಾರದ ಕಡೆಯಿಂದ ನೋಡಿವೆ. ಸಂಸ್ಕೃತದ 'ಸಿವ್' ಎಂಬ ಧಾತುವಿಗೆ ಹೊಲಿದು ಕೂಡಿಸು ಎಂದರ್ಥ. ಇಂಗ್ಲಿಷಿನ 'ಸ್ಯೂ' ಎಂಬ ಹೊಲಿಯುವ ಮಾತೂ, ಗಾಯಕ್ಕೆ ಹಾಕುವ ಹೊಲಿಗೆಯನ್ನು ಹೇಳುವ 'ಸೂಚರ್' ಎಂಬ ಲ್ಯಾಟಿನ್ ಮೂಲದ ಮಾತೂ ಈ ಧಾತುವಿನ ದೂರದ ನಂಟರು. ಚುಚ್ಚುವುದು ಮಾಡುವ ಕೆಲಸ, ಕೂಡುವುದು ಅದರ ಫಲ. ಒಂದೇ ಕೆಲಸವನ್ನು ಒಬ್ಬರು ಆರಂಭದಿಂದ ಕಂಡರು, ಇನ್ನೊಬ್ಬರು ಮುಗಿವಿನಿಂದ ಕಂಡರು.

ಕನ್ನಡದ 'ಹೊಲಿ' ಎಂಬುದು ಅಚ್ಚ ದೇಶ್ಯ. ಹಳಗನ್ನಡದಲ್ಲಿ ಇದು 'ಪೊಲಿ'. ಪಾಲು ಹಾಲಾದಂತೆ, ಪೂ ಹೂವಾದಂತೆ, ನಡುಗನ್ನಡಕ್ಕೆ ಬರುವಷ್ಟರಲ್ಲಿ ಪೊಲಿಗೆಯು ಹೊಲಿಗೆಯಾಯಿತು. ಇದರಲ್ಲಿಯೂ ಮುಂದೆ ನಿಂತಿರುವ ಭಾವ ಕೂಡಿಸುವುದೇ. ಬಾಯಿ ಹೊಲಿದುಕೊಂಡು ಕುಳಿತ ಎಂದಾಗ ನಮ್ಮ ಕಣ್ಣೆದುರು ಬರುವುದು ಸೂಜಿಯ ಮೊನೆಯಲ್ಲ, ಕೂಡಿಕೊಂಡ ಎರಡು ತುಟಿಗಳು. ಕೂಡಿಸುವ ಕಲೆ ಈ ನೆಲದಲ್ಲಿ ಸೂಜಿಯನ್ನೇ ಕಾಯ್ದುಕೊಂಡು ಕುಳಿತಿರಲಿಲ್ಲ ಎಂಬುದಕ್ಕೆ ಇಳಕಲ್ಲ ಸೀರೆಯೇ ಸಾಕ್ಷಿ. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ನೇಕಾರರ ಮಾತು 'ಕೊಂಡಿ'. ಅದೊಂದು ಸೂಜಿಯಿಲ್ಲದ ಹೊಲಿಗೆ.

ಕ್ರಿಯೆಗೆ ಹೆಸರು ದೇಶ್ಯವಾಯಿತು. ಆದರೆ ಹೊಲಿಯುವವನ ಅಂಗಡಿಯನ್ನು ಹೊಕ್ಕು ನೋಡಿದರೆ ಬೇರೊಂದು ಲೋಕವೇ ಎದುರಾಗುತ್ತದೆ. 'ಸೂಜಿ' ಸಂಸ್ಕೃತದ ಸೂಚಿಯಿಂದ ಬಂದದ್ದು, 'ಕತ್ತರಿ' ಕರ್ತರಿಯಿಂದ ಬಂದದ್ದು. ಇವು ಹಳೆಯ ಪದರದವು. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದಾನೆಂಬುದನ್ನು ನೆನೆದರೆ, ಸೂಜಿಯ ಸುತ್ತ ಒಂದು ಕಾಯಕವೂ ಅದಕ್ಕೊಂದು ಮರ್ಯಾದೆಯೂ ಆಗಲೇ ನೆಲೆಗೊಂಡಿದ್ದವೆಂದು ತಿಳಿಯುತ್ತದೆ. ಹೊಲಿಗೆಯವನಿಗೆ ಈ ಭಾಗದಲ್ಲಿ 'ಸಿಂಪಿಗ' ಎಂಬ ಹೆಸರುಂಟು. ಜನಪದ ಸಾಹಿತ್ಯವನ್ನು ಕೂಡಿಟ್ಟ ಸಿಂಪಿ ಲಿಂಗಣ್ಣನವರ ಹೆಸರಿನ ಮೊದಲಲ್ಲಿ ನಿಂತಿರುವುದೂ ಇದೇ ಮಾತು.

ಮೇಲಿನ ಪದರಗಳಲ್ಲಿ ಆಳಿದವರ ಗುರುತುಗಳಿವೆ. 1490ರಿಂದ 1686ರ ವರೆಗೆ ಬಿಜಾಪುರದಲ್ಲಿ ಆದಿಲಶಾಹಿಯವರ ಆಳಿಕೆ. ಪಾರಸಿ ಅವರ ದರ್ಬಾರಿನ ಭಾಷೆ. 'ದರ್ಜಿ' ಎಂಬುದು ಪಾರಸಿಯ ಮಾತು. ಹೊಲಿಗೆಯ ಸಂದಿಗೆ ಆ ಭಾಷೆಯಲ್ಲಿ 'ದರ್ಜ್' ಎನ್ನುತ್ತಾರೆ. ಒಳಬಟ್ಟೆಯ 'ಅಸ್ತರ'ವೂ ಪಾರಸಿಯೇ. 'ಜೇಬು' ಅರಬ್ಬಿಯಿಂದ ಹೊರಟು ಬಂದದ್ದು. ಕೂಸಿನ ತಲೆಗೆ ಹಾಕುವ 'ಕುಲಾವಿ'ಯ ಹಿಂದೆ ಪಾರಸಿಯ 'ಕುಲಾಹ' ಎಂಬ ಟೊಪ್ಪಿಗೆ ಇದೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರೂ ಬರಿಗೈಯಲ್ಲಿ ಬರಲಿಲ್ಲ. ಗುಂಡಿ ಕೂಡುವ 'ಕಾಜ'ವು ಅವರ 'ಕಾಸ' ಎಂಬ ಮಾತಿನಿಂದ ಬಂದದ್ದು. ಆ ಭಾಷೆಯಲ್ಲಿ ಅದಕ್ಕೆ ಮನೆ ಎಂದರ್ಥ. ಗುಂಡಿಗೊಂದು ಮನೆ! ಮುಂದೆ ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು ತಮ್ಮ ಸಂಸ್ಥಾನಗಳನ್ನು 1948ರ ವಿಲೀನದ ವರೆಗೂ ಆಳಿದರು; ಮರಾಠಿಯ ಮಾತುಗಳು ಆಡಳಿತದೊಡನೆ ಪೇಟೆಗೂ ಮನೆಗೂ ಬಂದವು. ಕುಪ್ಪಸದ 'ಖಣ' ಅಂಥ ಮಾತು.

ಈ ಎಲ್ಲ ಆಗಮನಗಳ ನಡುವೆಯೂ ಒಂದು ಹೊಲಿದ ಉಡುಗೆಯ ಹೆಸರು ಈ ಸೀಮೆಯಲ್ಲಿ ಸಂಸ್ಕಾರದ ಹೆಸರಾಗಿ ಏರಿತು. ಸಂಸ್ಕೃತದ 'ಕೂರ್ಪಾಸ'ವು ಕನ್ನಡದಲ್ಲಿ ಕುಪ್ಪಸವಾಗಿ, ಇಲ್ಲಿಯ ಆಡುಮಾತಿನಲ್ಲಿ 'ಕುಬಸ'ವಾಯಿತು. ಬಸುರಿಗೆ ಹಸಿರು ಬಳೆ ಇಡಿಸಿ, ಉಡಿ ತುಂಬಿ, ಸೀರೆ ಕುಬಸಗಳನ್ನು ಕೊಟ್ಟು ಹರಸುವ ಸೀಮಂತಕ್ಕೆ ಈ ಕಡೆ 'ಕುಬಸ ಮಾಡುವುದು' ಎಂದೇ ಹೆಸರು. ಶಾಸ್ತ್ರದ ಹೆಸರನ್ನು ಬಿಟ್ಟು ಬಟ್ಟೆಯ ಹೆಸರನ್ನು ಆರಿಸಿಕೊಂಡವರು ಹೆಣ್ಣುಮಕ್ಕಳು. ಅಂಗಡಿಯ ಮಾತುಗಳು ಆಳುವವರೊಡನೆ ಬದಲಾದವು. ಪಡಸಾಲೆಯ ಮಾತುಗಳು ತಮ್ಮ ದಾರಿಯನ್ನೇ ಹಿಡಿದವು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಸೂತಿಯ ಪ್ರಶ್ನೆ ತಿಳಿಯಾಗುತ್ತದೆ.

ಕಸೂತಿಯೆಂಬುದು ಪಡಸಾಲೆಯ ಕಲೆ. ಇದಕ್ಕೆ ಬಟ್ಟೆಯ ಮೇಲೆ ಮುಂಚಿತವಾಗಿ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆಯ ಮೇಲೆ, ಕುಬಸದ ಮೇಲೆ, ಕೂಸಿನ ಕುಂಚಿಗೆ ಕುಲಾವಿಗಳ ಮೇಲೆ ಗೋಪುರ, ತೇರು, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ, ನಂದಿ, ತುಳಸಿಕಟ್ಟೆ, ತೊಟ್ಟಿಲು, ನವಿಲು, ಗಿಳಿಗಳು ಮೂಡುತ್ತವೆ. ಚಂದ್ರಕಾಳಿಯ ಮೇಲಿನ ಕಸೂತಿ ಮದುವಣಗಿತ್ತಿಯ ಸಿರಿಗಂಟಿನಲ್ಲಿ ಇರಲೇಬೇಕಾದ ವಸ್ತುವಾಗಿತ್ತು.

ಈ ಹೆಸರು ಎಲ್ಲಿಂದ ಬಂತು? ಎಲ್ಲರೂ ಹೇಳುವ ನಿರುಕ್ತಿ ಒಂದುಂಟು: 'ಕೈ' ಎಂದರೆ ಹಸ್ತ, 'ಸೂತಿ' ಎಂದರೆ ನೂಲು, ಕೈಯಿಂದ ನೂಲಿನಲ್ಲಿ ಮಾಡಿದ್ದು ಕೈಸೂತಿ, ಅದೇ ಕಸೂತಿ. ಕಿವಿಗೆ ಇಂಪಾದ ಈ ವಿವರಣೆಯನ್ನು ಒಪ್ಪುವ ಮೊದಲು ಮೂರು ಅಡ್ಡಿಗಳನ್ನು ದಾಟಬೇಕು. ಕೈಮಗ್ಗ, ಕೈಗೆಲಸ, ಕೈಗುಣ, ಕೈಹಿಡಿ ಮೊದಲಾದ ಸಮಾಸಗಳಲ್ಲಿ 'ಕೈ' ಎಂಬುದು ಕೈಯಾಗಿಯೇ ನಿಂತಿದೆ. ಇದೊಂದರಲ್ಲಿ ಮಾತ್ರ ಅದು 'ಕ' ಆಗಿ ಸವೆದದ್ದೇಕೆ? ಎರಡನೆಯದಾಗಿ, 'ಸೂತಿ' ಎಂಬ ರೂಪ ಸಂಸ್ಕೃತದ ಸೂತ್ರದಿಂದ ಹೊರಟು ಉತ್ತರದ ಭಾಷೆಗಳಲ್ಲಿ ಹತ್ತಿಯದು ಎಂಬರ್ಥದಲ್ಲಿ ನೆಲೆನಿಂತದ್ದು. ಕನ್ನಡ ಹೆಣ್ಣುಮಗಳ ಬಾಯಲ್ಲಿ ಇದಕ್ಕೆ ನೂಲು, ಎಳೆ, ದಾರ ಎಂಬ ಮಾತುಗಳು ಸಿದ್ಧವಾಗಿದ್ದವು. ಮೂರನೆಯದಾಗಿ, ಹೆಸರಾಂತ ಕಸೂತಿಯೆಲ್ಲ ಹೆಚ್ಚಾಗಿ ರೇಷ್ಮೆಯ ಎಳೆಯದು. ಹತ್ತಿಯ ಹೆಸರು ಅದಕ್ಕೆ ಹೊಂದುವುದಿಲ್ಲ.

ಇನ್ನೊಂದು ಊಹೆ ಪಾರಸಿಯ ಕಡೆಗೆ ಕೈತೋರುತ್ತದೆ. ಆ ಭಾಷೆಯಲ್ಲಿ 'ಕಶೀದನ್' ಎಂದರೆ ಎಳೆಯುವುದು. 'ಕಶೀದಾ' ಎಂದರೆ ಎಳೆದದ್ದು. ಕಾಶ್ಮೀರದಿಂದ ಬಿಹಾರದ ವರೆಗೆ ಸೂಜಿಯ ಚಿತ್ತಾರಕ್ಕೆ ಕಶೀದಾ ಎಂಬ ಹೆಸರು ಬಳಕೆಯಲ್ಲಿದೆ, ಮರಾಠಿಯಲ್ಲಿಯೂ ಇದೆ. ದರ್ಜಿ, ಅಸ್ತರ, ಕುಲಾವಿಗಳನ್ನು ತಂದ ಗಾಳಿಯೇ ಇದನ್ನೂ ತಂದಿರಬಾರದೇಕೆ? ಇಲ್ಲಿಯೂ ಒಂದು ತೊಡಕಿದೆ. ಕಶೀದಾ ಎಂಬುದು ತಾನೇ ತಾನಾಗಿ ಕಸೂತಿಯಾಗುವ ಧ್ವನಿನಿಯಮ ಕನ್ನಡದಲ್ಲಿಲ್ಲ. ಹೊರಗಿನಿಂದ ಬಂದ ಮಾತನ್ನು ಜನ ತಮಗೆ ತಿಳಿದ ಮಾತಿನ ಅಚ್ಚಿಗೆ ಒತ್ತಿಕೊಳ್ಳುವ ಪದ್ಧತಿ ಮಾತ್ರ ಎಲ್ಲ ಭಾಷೆಗಳಲ್ಲಿಯೂ ಇದೆ. ಕಶೀದಾ ಎಂದು ಕೇಳಿದ ಮಾತಿನಲ್ಲಿ ನಮ್ಮವರು ಸೂಜಿಯನ್ನೂ ಸೂತ್ರವನ್ನೂ ಕೇಳಿಸಿಕೊಂಡು ಅದನ್ನು ಕಸೂತಿ ಮಾಡಿಕೊಂಡಿರುವುದು ಸಾಧ್ಯ. ಹಾಗೆ ನೋಡಿದರೆ ಎರಡು ನಿರುಕ್ತಿಗಳಿಗೂ ಜಗಳವಿಲ್ಲ. ಒಂದು ಮಾತಿನ ಹುಟ್ಟನ್ನು ಹೇಳುತ್ತದೆ, ಇನ್ನೊಂದು ಅದರ ನಾಮಕರಣವನ್ನು ಹೇಳುತ್ತದೆ. ನನ್ನ ಮನಸ್ಸು ಒಲಿಯುವುದು ಈ ಎರಡರ ಕೂಡಿಕೆಯ ಕಡೆಗೆ.

ಹೆಸರು ಹೊರಗಿನದು ಎಂದೊಡನೆ ಕಲೆಯೂ ಹೊರಗಿನದು ಎಂದು ತೀರ್ಮಾನಿಸುವ ಅವಸರ ಸಲ್ಲದು. ಕಸೂತಿಯ ನಾಲ್ಕು ಹೊಲಿಗೆಗಳಿಗೆ ಪ್ರತ್ಯೇಕ ಹೆಸರುಗಳಿವೆ: ಗವಂತಿ, ಮುರ್ಗಿ, ನೇಗಿ, ಮೆಂಥಿ. ನಾಲ್ಕರ ಕೊನೆಗೂ 'ಇ'ಕಾರವಿದೆ. ಈ ಸೀಮೆಯ ಆಡುನುಡಿಯನ್ನು ಬಲ್ಲವರಿಗೆ ಇದರ ಗುಟ್ಟು ಹೇಳಬೇಕಾದುದಿಲ್ಲ. ಮನೆ ಇಲ್ಲಿ ಮನಿ, ಕುದುರೆ ಕುದರಿ, ಅಡುಗೆ ಅಡಗಿ, ಹೊಲಿಗೆ ಹೊಲಗಿ. ಈ ನಿಯಮವನ್ನು ಹಿಂದಿರುಗಿಸಿ ನೋಡಿದರೆ 'ನೇಗಿ' ಎಂಬುದು ನೆಯ್ಗೆ. ಬಟ್ಟೆಯ ಎಳೆಗಳ ನಡುವೆ ಉದ್ದ ಗಿಡ್ಡವಾಗಿ ಸೂಜಿಯನ್ನು ನುಸುಳಿಸುತ್ತ ಹೋಗಿ, ಮಗ್ಗದಲ್ಲಿಯೇ ನೆಯ್ದಂತೆ ತೋರುವ ಚಿತ್ತಾರಕ್ಕೆ ಈ ಹೆಸರು. ಇದನ್ನಿಟ್ಟವಳು ನೇಕಾರರ ನೆರೆಯವಳು, ಅಥವಾ ನೇಕಾರರ ಮನೆಯವಳೇ. 'ಮೆಂಥಿ' ಅಡುಗೆಮನೆಯಿಂದ ಬಂದದ್ದು. ಒಂದರ ಮೇಲೊಂದು ಓರೆಯಾಗಿ ಬಿದ್ದ ಎರಡು ಎಳೆಗಳು ಸೇರಿ ಮೆಂತೆಯ ಕಾಳಿನಂತೆ ತುಂಬಿಕೊಳ್ಳುವ ಹೊಲಿಗೆ ಇದು. ಕಾಳಿನ ಮೈಮೇಲೆ ಓರೆಯಾಗಿ ಬಿದ್ದ ಗೀರನ್ನು ಬಲ್ಲವರು ಈ ಹೋಲಿಕೆಯನ್ನು ಮೆಚ್ಚುತ್ತಾರೆ.

'ಮುರ್ಗಿ'ಯನ್ನು ಕೇಳಿ ಹಿಂದಿಯ ಕೋಳಿಯನ್ನು ನೆನೆಯುವವರುಂಟು. ಈ ಹೊಲಿಗೆಯಾದರೋ ಮೆಟ್ಟಿಲುಮೆಟ್ಟಿಲಾಗಿ, ಹೆಜ್ಜೆಗೊಮ್ಮೆ ತಿರುಗುತ್ತ ಏರುವಂಥದು. ಕನ್ನಡದ 'ಮುರಿ'ಗೆ ತುಂಡಾಗು ಎಂಬುದೊಂದೇ ಅರ್ಥವಲ್ಲ. ಬಾಗು, ತಿರುಗು ಎಂಬ ಅರ್ಥಗಳೂ ಹಳಗಾಲದಿಂದ ಬಂದಿವೆ. ಮುರಿಗೆ ಎಂದರೆ ತಿರುವು. ನೆಯ್ಗೆ ನೇಗಿಯಾದ ನೆಲದಲ್ಲಿ ಮುರಿಗೆ ಮುರ್ಗಿಯಾದುದು ಕೇವಲ ಸಹಜ. ಕೋಳಿಯನ್ನು ಕರೆತರುವ ಅಗತ್ಯ ಇಲ್ಲಿ ಕಾಣುವುದಿಲ್ಲ.

ಉಳಿದದ್ದು 'ಗವಂತಿ'. ಇದನ್ನು ಗಂಟು ಎಂಬ ಮಾತಿನಿಂದ ಬಿಡಿಸುವುದು ವಾಡಿಕೆ. ದಾರಕ್ಕೆ ಗಂಟೇ ಬೀಳಕೂಡದು ಎಂಬ ಕಟ್ಟಳೆಯುಳ್ಳ ಕಲೆಯ ಮೊದಲ ಹೊಲಿಗೆಗೆ ಗಂಟಿನ ಹೆಸರು ಬಂದುದು ವಿಚಿತ್ರವೇ ಸರಿ. ಕನ್ನಡದಲ್ಲಿ ಗಂಟು ಎಂದರೆ ಕೂಡುವ ಸ್ಥಳವೂ ಹೌದು; ಬೆರಳಿನ ಗಂಟು, ಬಿದಿರಿನ ಗಂಟು ಎಂದು ಹೇಳುವುದಿಲ್ಲವೆ? ಗವಂತಿಯಲ್ಲಿ ಸೂಜಿಯು ಒಂದು ಹೆಜ್ಜೆ ಹಾಕಿ ಒಂದು ಹೆಜ್ಜೆ ಬಿಟ್ಟು ಸಾಲಿನ ತುದಿಯ ವರೆಗೆ ಹೋಗುತ್ತದೆ. ಅಲ್ಲಿಂದ ಅದೇ ದಾರಿಯಲ್ಲಿ ಮರಳುತ್ತ, ಬಿಟ್ಟ ಎಡೆಗಳನ್ನು ತುಂಬುತ್ತ ಬರುತ್ತದೆ. ಹೋದ ಎಳೆ ಬಂದ ಎಳೆಯನ್ನು ಪ್ರತಿ ಹೆಜ್ಜೆಗೂ ಕೂಡುತ್ತದೆ. ಮುಗಿದಾಗ ಬಟ್ಟೆಯ ಹೊರಮೈ ಒಳಮೈಗಳೆರಡೂ ಒಂದೇ. ಮುರ್ಗಿಗೂ ಈ ಗುಣವುಂಟು. ಹೋಗುವಾಗಲೇ ಬರುವ ದಾರಿಯನ್ನು ಲೆಕ್ಕಹಾಕಿರಬೇಕು. ಒಂದು ಎಳೆ ತಪ್ಪಿದರೆ ತೇರಿನ ಗಾಲಿ ತೇರಿಗೆ ಕೂಡುವುದಿಲ್ಲ. ಅಕ್ಷರ ಕಲಿಯದವರೆಂದು ನಾವು ಕರೆದ ಹೆಣ್ಣುಮಕ್ಕಳು ಈ ಗಣಿತವನ್ನು ಮೊಳಕಾಲ ಮೇಲೆ ಹಾಸಿದ ಬಟ್ಟೆಯಲ್ಲಿ ದಿನನಿತ್ಯ ಮಾಡಿದರು.

ಇದೇ ಹೊಲಿಗೆಗೆ ಇಂಗ್ಲಿಷಿನಲ್ಲಿ ಹೋಲ್ಬೈನ್ ಹೊಲಿಗೆ ಎಂದು ಹೆಸರು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿದ್ದು 1543ರಲ್ಲಿ ತೀರಿಕೊಂಡ ಚಿತ್ರಕಾರ ಹಾನ್ಸ್ ಹೋಲ್ಬೈನ್ ತಾನು ಬರೆದ ಪ್ರತಿಕೃತಿಗಳಲ್ಲಿ ಶ್ರೀಮಂತರ ಕೊರಳಪಟ್ಟಿ, ತೋಳಪಟ್ಟಿಗಳ ಮೇಲಿನ ಸೂಜಿಗೆಲಸವನ್ನು ಎಳೆಯೆಳೆಯಾಗಿ ತೋರಿಸಿದ್ದರಿಂದ ಅದಕ್ಕೆ ಅವನ ಹೆಸರು ಅಂಟಿತು. ಅಲ್ಲಿ ಹೊಲಿದವರು ಯಾರೋ, ಹೆಸರಾದವನು ಅದನ್ನು ನೋಡಿ ಬರೆದ ಗಂಡಸು. ಇಲ್ಲಿ ಗವಂತಿಗೆ ಯಾವ ದೊರೆಯ, ಯಾವ ಕಲಾವಿದನ ಹೆಸರೂ ಅಂಟಲಿಲ್ಲ. ಹೊಲಿದವರೇ ಹೆಸರಿಟ್ಟರು, ಹೆಸರು ಹೊಲಿಗೆಯದಾಯಿತು, ತಮ್ಮದಾಗಲಿಲ್ಲ.

ಕಸೂತಿಯ ಪ್ರಾಚೀನತೆಯನ್ನು ಚಾಲುಕ್ಯರ ಕಾಲಕ್ಕೆ ಒಯ್ಯುವ ಅಭಿಮಾನಿಗಳಿದ್ದಾರೆ. ಪಟ್ಟದಕಲ್ಲಿನಲ್ಲಿ 8ನೆಯ ಶತಮಾನದ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಿಖರವನ್ನೂ, ಸೀರೆಯ ಮೇಲಿನ ಗೋಪುರವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹೋಲಿಕೆ ಕಂಡೀತು. ಕಲ್ಲಿನ ಗುಡಿಯಾದರೋ ಕಟ್ಟಿದ ಮೇಲೆ ಸಾವಿರ ವರ್ಷ ನಿಂತಿರುತ್ತದೆ. ಅದನ್ನು ಯಾವ ತಲೆಮಾರಿನ ಹೆಣ್ಣುಮಗಳೂ ನೋಡಿ ಸೀರೆಗೆ ಇಳಿಸಬಹುದು. ಹೋಲಿಕೆಯು ಸ್ಫೂರ್ತಿಯನ್ನು ಹೇಳೀತೇ ಹೊರತು ಇಸವಿಯನ್ನು ಹೇಳದು. ಅರುವತ್ತನಾಲ್ಕು ಕಲೆಗಳ ಪಟ್ಟಿಯನ್ನು ಮುಂದೊಡ್ಡುವವರೂ ಇದ್ದಾರೆ. ವಾತ್ಸ್ಯಾಯನನ ಪಟ್ಟಿಯಲ್ಲಿ ಸೂಚೀವಾನಕರ್ಮ, ಎಂದರೆ ಸೂಜಿ ಮತ್ತು ನೆಯ್ಗೆಯ ಕೆಲಸ, ಒಂದು ಕಲೆಯಾಗಿ ಎಣಿಕೆಗೆ ಬಂದಿರುವುದು ನಿಜ. ಸೂಜಿಗೆಲಸ ಬಲು ಹಿಂದಿನದೆಂಬುದಕ್ಕೆ ಅದು ಪ್ರಮಾಣ. ಗವಂತಿ, ಮುರ್ಗಿಗಳಿಗೆ ಅಲ್ಲ. ಅರಸರ ಮತ್ತು ಶಾಸ್ತ್ರಕಾರರ ಆಸರೆಯಿಲ್ಲದೆ ನಿಲ್ಲಲಾರದಷ್ಟು ಬಡಕಲೆ ಇದಲ್ಲ. ಮಗ್ಗ, ಮೆಂತೆ, ದಾರಿಯ ತಿರುವು, ಬೆರಳಿನ ಗಂಟು, ಈ ನಾಲ್ಕೇ ಸಾಕ್ಷಿಗಳು ಇದರ ತವರನ್ನು ಹೇಳುವುದಕ್ಕೆ ಸಾಕು. ಹೊರಗಿನ ಹೆಸರಿನ ಛಾವಣಿಯಡಿ ಒಳಗಿನ ಕಂಬಗಳು ನಾಲ್ಕೂ ಈ ನೆಲದವೇ.

ಈಗ ಛಾವಣಿ ವಿಸ್ತಾರವಾಗುತ್ತಿದೆ, ಕಂಬಗಳು ಕಣ್ಮರೆಯಾಗುತ್ತಿವೆ. ಕಸೂತಿಯೆಂಬ ಮಾತು ಇಂದು ಕನ್ನಡದಲ್ಲಿ ಎಲ್ಲ ಬಗೆಯ ಸೂಜಿಚಿತ್ತಾರಕ್ಕೂ ಸಲ್ಲುತ್ತಿದೆ. ಲಂಬಾಣಿ ಹೆಂಗಸರ ಕನ್ನಡಿ ಕವಡೆಗಳ ಹೊಲಿಗೆಯೂ ಕಸೂತಿ, ವಿಮರ್ಶಕರ ಬಾಯಲ್ಲಿ ಕವಿಯ ಮಾತಿನ ನಯವೂ ಕಸೂತಿ. ಅರ್ಥ ಬೆಳೆಯುವುದು ಭಾಷೆಯ ಸೌಭಾಗ್ಯವೇ. ಭಾರತದ ಭೌಗೋಳಿಕ ಸೂಚಕಗಳ ಕಾಯಿದೆ 2003ರಲ್ಲಿ ಜಾರಿಗೆ ಬಂದ ತರುವಾಯ ಕರ್ನಾಟಕದ ಕಸೂತಿಗೆ ಆ ಮಾನ್ಯತೆಯೂ ದೊರೆತಿದೆ. ಆದರೆ ಪೇಟೆಯಲ್ಲಿ ಕಸೂತಿಯೆಂದು ಮಾರಾಟವಾಗುವ ಬಟ್ಟೆಯಲ್ಲಿ ಯಂತ್ರದ ಕೆಲಸವೂ ಬೆರೆತಿದೆ. ಹೊಲಿಗೆಯ ಯಂತ್ರಕ್ಕೆ ಮೇಲೊಂದು ದಾರ, ಕೆಳಗೊಂದು ದಾರ ಬೇಕು; ಎರಡನ್ನೂ ಅದು ಬಟ್ಟೆಯ ನಡುವೆ ಸಿಕ್ಕಿಸಿ ಬಿಗಿಯುತ್ತದೆ. ಒಂದೇ ಎಳೆ ಹೋಗಿ ತಾನೇ ಮರಳಿ ಬರುವುದು ಗವಂತಿಯ ಜೀವಾಳ. ಯಂತ್ರವು ಗೋಪುರದ ಆಕಾರವನ್ನು ತಂದೀತು, ಆ ಮರಳುವಿಕೆಯನ್ನು ತರಲಾರದು. ಬಟ್ಟೆಯನ್ನು ತಿರುವಿ ಒಳಮೈ ನೋಡಿದವರಿಗೆ ಈ ಭೇದ ಕೂಡಲೇ ತಿಳಿಯುತ್ತದೆ. ಕೇಳಲು ಅವರ ಬಳಿ ಗವಂತಿ ಎಂಬ ಮಾತು ಇರಬೇಕು, ಅಷ್ಟೆ. ಮಾತು ಇಲ್ಲದವನು ಏನನ್ನೆಂದು ಕೇಳಿಯಾನು?

ಕೃಷ್ಣೆಯ ಈ ದಂಡೆಗೆ ಕಳೆದುಕೊಳ್ಳುವುದು ಹೊಸದಲ್ಲ. 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಂತೆ ಬೀಳಗಿ, ಬಾಗಲಕೋಟೆ ಸೀಮೆಗಳ ಊರುಗಳು ನೀರಿಗೆ ಎಡೆ ಬಿಟ್ಟು ಎತ್ತರಕ್ಕೆ ಸರಿದವು. ಮನೆ ಬಿಡುವಾಗ ಜನ ಟ್ರಂಕಿನಲ್ಲಿ ಚಂದ್ರಕಾಳಿಯನ್ನು ಇಟ್ಟುಕೊಂಡು ಹೋಗಬಲ್ಲರು. ಹೊಲಿಗೆಯ ಹೆಸರನ್ನು ಟ್ರಂಕಿನಲ್ಲಿ ಇಡಲು ಬಾರದು. ಅದು ಕಲಿಸುವವಳ ಬಾಯಿಂದ ಕಲಿಯುವವಳ ಕೈಗೆ ಇಳಿಯಬೇಕು. ಗಲಗಲಿ ಅವ್ವನ ಹಾಡುಗಳು ಹೆಣ್ಣುಮಕ್ಕಳ ಕೊರಳಿನಿಂದ ಕೊರಳಿಗೆ ದಾಟಿ ಬಂದದ್ದರಿಂದಲೇ ಬಹುಕಾಲದ ಮೇಲೆ ವಿದ್ವಾಂಸರು ಅವನ್ನು ಬರೆದು ಅಚ್ಚು ಹಾಕಲು ಸಾಧ್ಯವಾಯಿತು. ಸೂಜಿಯ ಮಾತುಗಳಿಗೂ ಅಂಥ ಒಬ್ಬ ಬರೆಹಗಾರ ಬೇಕು. ಊರೂರಿನ ಮುದುಕಿಯರ ಬಳಿ ಕುಳಿತು, ಯಾವ ಚಿತ್ತಾರಕ್ಕೆ ಯಾವ ಹೆಸರು, ಯಾವ ಎಳೆಗೆ ಯಾವ ಲೆಕ್ಕ ಎಂಬುದನ್ನು ಕೇಳಿ ಬರೆದುಕೊಳ್ಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ನಮ್ಮ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಒಂದು ಬೇಸಿಗೆಯ ಬಿಡುವಿನಲ್ಲಿ ಇದನ್ನು ಮಾಡಬಲ್ಲರು. ನಿಘಂಟಿನಲ್ಲಿ ಕಸೂತಿ ಎಂಬ ಮಾತಿನ ಕೆಳಗೆ ಗವಂತಿ, ಮುರ್ಗಿ, ನೇಗಿ, ಮೆಂಥಿಗಳಿಗೂ ಒಂದೊಂದು ಸಾಲು ಸಿಕ್ಕಿದರೆ, ಹೆಸರು ಬರೆಯದೆ ಹೋದ ಆ ಹೆಣ್ಣುಮಕ್ಕಳ ಋಣದಲ್ಲಿ ಒಂದೆಳೆಯಾದರೂ ತೀರಿದಂತಾಗುತ್ತದೆ.